ದೇವರು ಪ್ರೀತಿಯೇ ಆಗಿದ್ದರೆ ನಂಬದವರಿಗೆ ನರಕವೇಕೆ?

ಪ್ರಶ್ನೆ: ದೇವರು ಪ್ರೀತಿಸ್ವರೂಪಿ ಎನ್ನುವ ಕ್ರೈಸ್ತರೇ ಯೇಸುವನ್ನು ನಂಬದವರು ನರಕಕ್ಕೆ ಹೋಗುತ್ತಾರೆ ಎಂದೂ ಹೇಳುತ್ತಾರಲ್ಲ, ಎರಡೂ ಹೇಗೆ ನಿಜವಾದೀತು?

ಉತ್ತರ: ಇದನ್ನು ಹೊಂದಿಸಲು ಕ್ರೈಸ್ತರೇ ಶತಮಾನಗಳಿಂದ ಹೆಣಗಿದ್ದಾರೆ, ಒಮ್ಮತವಂತೂ ಆಗಿಲ್ಲ. ಎರಡಕ್ಕೂ ಬೈಬಲ್‌ನಲ್ಲಿ ಆಧಾರವಿದೆ. ಯೋಹಾನನ ಮೊದಲನೆಯ ಪತ್ರದಲ್ಲಿ ದೇವರು ಪ್ರೀತಿ. ಮತ್ತಾಯನ 25ನೆಯ ಅಧ್ಯಾಯದಲ್ಲಿ ನಿತ್ಯದಂಡನೆ. (ಅಲ್ಲಿ ತೀರ್ಪು ಆಗುವುದು ಹಸಿದವರಿಗೆ ಅನ್ನ ಕೊಟ್ಟರೋ ಇಲ್ಲವೋ ಎಂಬುದರ ಮೇಲೆ. ನರಕದ ಬೋಧಕರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ.)

ಇಂದು ಹೆಚ್ಚಾಗಿ ಕೇಳಿಬರುವ ಉತ್ತರ ಇದು: ಪ್ರೀತಿ ಬಲವಂತ ಮಾಡುವುದಿಲ್ಲ, ಬೇಡವೆಂದವನನ್ನು ದೇವರು ಎಳೆದೊಯ್ಯುವುದಿಲ್ಲ. 7ನೆಯ ಶತಮಾನದಲ್ಲಿ ಸಿರಿಯಾಕ್ ಭಾಷೆಯಲ್ಲಿ ಬರೆದ ಸಂತ, ನಿನೆವೆಯ ಐಸಾಕ್ ಇನ್ನೂ ಮುಂದೆ ಹೋದ. ನರಕದಲ್ಲಿರುವವರನ್ನೂ ದೇವರು ಪ್ರೀತಿಸುತ್ತಲೇ ಇರುತ್ತಾನೆ, ಆ ಪ್ರೀತಿಗೆ ದ್ರೋಹ ಬಗೆದೆವೆಂಬ ಅರಿವೇ ಅವರಿಗೆ ಚಾಟಿಯೇಟು ಎಂದ. ಬೆಂಕಿ ಗಂಧಕದ ಚಿತ್ರಗಳಿಗಿಂತ ನನಗೆ ಇದೇ ಹೆಚ್ಚು ಭಯಂಕರವಾಗಿ ತೋರುತ್ತದೆ, ಹೆಚ್ಚು ನ್ಯಾಯವಾಗಿಯೂ. ಆದರೆ ಯೇಸುವಿನ ಹೆಸರನ್ನೇ ಕೇಳದವನು ಏನನ್ನು ನಿರಾಕರಿಸಿದ? ಅವನ ವಿಷಯದಲ್ಲಿ ಈ ವಾದ ಕೈಕೊಡುತ್ತದೆ.

ಸಾಯುವ ಮುನ್ನ ಧರ್ಮಸಭೆಗೆ (ಕಥೋಲಿಕ ಚರ್ಚಿಗೆ) ಸೇರದ ಅನ್ಯಧರ್ಮೀಯರೂ ಯೆಹೂದ್ಯರೂ ನಿತ್ಯಾಗ್ನಿಗೆ ಬೀಳುತ್ತಾರೆಂದು ಬಿಷಪ್‌ಗಳು ಸೇರಿದ್ದ ಫ್ಲಾರೆನ್ಸ್ ಮಹಾಸಭೆ 1442ರಲ್ಲಿ ಸಾರಿತ್ತು. ಅಮೆರಿಕದ ಬೋಸ್ಟನ್ ಬಳಿ ಯೇಸುಸಭೆಯ (ಜೆಸ್ವಿಟ್) ಪಾದ್ರಿ ಲಿಯೋನಾರ್ಡ್ ಫೀನಿ 1940ರ ದಶಕದಲ್ಲಿ ಇಂಥ ಮಾತನ್ನು ಅಕ್ಷರಶಃ ಬೋಧಿಸತೊಡಗಿದರು. 1949ರಲ್ಲಿ ರೋಮ್, ಅಂದರೆ ಪೋಪರ ಆಡಳಿತ, ಪತ್ರ ಬರೆದು ತಿದ್ದಿತು: ಅರಿಯದವನಲ್ಲೂ ದೇವರ ಚಿತ್ತದಂತೆ ನಡೆಯುವ ಹಂಬಲವಿದ್ದರೆ, ಅದೂ ಧರ್ಮಸಭೆಯೊಂದಿಗಿನ ನಂಟೇ. ಫೀನಿ ಜಗ್ಗಲಿಲ್ಲ, ಕರೆದರೂ ರೋಮ್‌ಗೆ ಹೋಗಲಿಲ್ಲ. ಅವಿಧೇಯತೆಗಾಗಿ 1953ರಲ್ಲಿ ಬಹಿಷ್ಕಾರ ಬಿತ್ತು. ಧರ್ಮಸಭೆಯ ಹೊರಗಿನವರಿಗೆ ರಕ್ಷಣೆಯಿಲ್ಲ, ನರಕವೇ ಗತಿ ಎಂದವರೇ ಹೊರಗಾದರು! 1972ರಲ್ಲಿ ಅವರನ್ನು ಮರಳಿ ಸೇರಿಸಿಕೊಂಡಾಗ, ಹಳೆಯ ಬೋಧನೆಯನ್ನು ಹಿಂತೆಗೆದುಕೊಳ್ಳಿ ಎಂದು ಒತ್ತಾಯಿಸಲಿಲ್ಲ.

ಅಷ್ಟರಲ್ಲಿ, 1964ರಲ್ಲೇ, ಎರಡನೆಯ ವ್ಯಾಟಿಕನ್ ಮಹಾಸಭೆ ತನ್ನ ನಿಲುವನ್ನು ಬರೆದಾಗಿತ್ತು: ತಮ್ಮ ತಪ್ಪಿಲ್ಲದೆ ಯೇಸುವಿನ ಶುಭಸಂದೇಶ ತಿಳಿಯದವರು ದೇವರನ್ನು ಅರಸುತ್ತಾ ಮನಸ್ಸಾಕ್ಷಿಯಂತೆ ಬದುಕಿದರೆ, ಕೃಪೆಯಿಂದ ಅವರಿಗೂ ರಕ್ಷಣೆ ಸಾಧ್ಯ. ಆ ರಕ್ಷಣೆಯೂ ಕ್ರಿಸ್ತನಿಂದಲೇ ಎಂಬುದನ್ನು ಮಾತ್ರ ಕಥೋಲಿಕರು ಬಿಟ್ಟುಕೊಟ್ಟಿಲ್ಲ.

ಪ್ರೊಟೆಸ್ಟೆಂಟರಲ್ಲಿ ಅನೇಕರು ಇಷ್ಟನ್ನೂ ಒಪ್ಪುವುದಿಲ್ಲ. ಸುವಾರ್ತೆಯನ್ನು, ಅಂದರೆ ಅದೇ ಶುಭಸಂದೇಶವನ್ನು, ಕೇಳಿ ನಂಬಲೇಬೇಕು ಎನ್ನುತ್ತಾರೆ. ಅಂಥ ವಲಯದಲ್ಲೇ ಗಣ್ಯರಾಗಿದ್ದ ಇಂಗ್ಲೆಂಡಿನ ಜಾನ್ ಸ್ಟಾಟ್, ದಂಡನೆಗೆ ಒಳಗಾದವರು ಅನಂತಕಾಲ ನರಳದೆ ಕೊನೆಗೆ ಇಲ್ಲವಾಗುತ್ತಾರೆ ಎಂಬ ಓದಿಗೂ ಬೈಬಲ್‌ನಲ್ಲಿ ಆಧಾರವಿದೆ ಎಂದು 1988ರಲ್ಲಿ ಅಳುಕುತ್ತಲೇ ಬರೆದರು. ತಮ್ಮವರಿಂದಲೇ ಟೀಕೆ ಎದುರಿಸಿದರು.