ಹೇಳಿಕೊಂಡ ಕಷ್ಟ, ಹೇಳದೆ ಉಳಿದ ಕಷ್ಟ

"ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಅಂತ ಮನೆಯ ಹಿರಿಯರು ಶುರು ಮಾಡಿದರೆ ಸಾಕು, ಕಿರಿಯರ ಕಣ್ಣು ಮೊಬೈಲ್ ಕಡೆ ತಿರುಗುತ್ತದೆ. ಕಥೆ ಗೊತ್ತಿರುವುದೇ. ಮೈಲಿಗಟ್ಟಲೆ ನಡೆದದ್ದು, ನೀರು ಹೊತ್ತದ್ದು, ಬುಡ್ಡಿ ದೀಪದಲ್ಲಿ ಓದಿದ್ದು. ಹೇಳಿದ ಹಾಗೆಲ್ಲ ದಾರಿ ಇನ್ನೊಂಚೂರು ಉದ್ದವಾಗುತ್ತದೆ. ಕೇಳುವವರಿಗೆ ಬೇಸರ, ಹೇಳುವವರಿಗೆ ಒಳಗೊಳಗೇ ಹೆಮ್ಮೆ.

ನನಗೆ ಕುತೂಹಲ ಆ ಹೆಮ್ಮೆಯ ಬಗ್ಗೆ. ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಕಷ್ಟ ಒಂದು ಬಗೆ, ಬಾಯಿಬಿಟ್ಟು ಹೇಳಲಾಗದ್ದು ಇನ್ನೊಂದು ಬಗೆ. ಅಂದಿನ ಬದುಕು ಇಂದಿನ ಬದುಕು ತೂಗಿ ನೋಡುವಾಗ ನಾವು ತಕ್ಕಡಿಗೆ ಹಾಕುವುದು ಮೊದಲನೆಯದನ್ನು ಮಾತ್ರ.

ಹೇಳಿಕೊಳ್ಳುವ ಕಷ್ಟ ಸಣ್ಣದು ಅಂತಲ್ಲ. 1886ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನೀರಿನ ಲೆಕ್ಕವೊಂದನ್ನು ಹಾಕಲಾಯಿತು. ಅಲ್ಲಿನ ಗೃಹಿಣಿ ದಿನಕ್ಕೆ ಎಂಟು ಹತ್ತು ಸಲ ನೀರು ತರುತ್ತಿದ್ದಳು. ವರ್ಷಕ್ಕೆ 148 ಮೈಲಿ ನಡಿಗೆ, 36 ಟನ್ ನೀರು. ಮೈಲಿಯನ್ನು ದಿನಕ್ಕೆ ಹಂಚಿದರೆ ಮುಕ್ಕಾಲು ಕಿಲೋಮೀಟರೂ ಆಗುವುದಿಲ್ಲ. ಇಷ್ಟೇನಾ ಅನ್ನಿಸುತ್ತೆ. ಟನ್ನನ್ನೂ ಹಂಚಿ ನೋಡಿ. ದಿನಕ್ಕೆ ಹತ್ತಿರ ಹತ್ತಿರ 90 ಕಿಲೋ. ಜ್ವರ ಬರಲಿ, ದಿನ ತುಂಬಿದ ಬಸುರಿಯಾಗಿರಲಿ, ಮನೆಗೆ ನೀರು ಬೇಕೇ ಬೇಕು. ಹಿರಿಯರು ಕಥೆಯಲ್ಲಿ ದೂರವನ್ನೇ ಹಿಗ್ಗಿಸುತ್ತಾರೆ, ರಟ್ಟೆ ಬೀಳಿಸುತ್ತಿದ್ದದ್ದು ಭಾರ.

ಬಟ್ಟೆ ಒಗೆಯುವ ದಿನವಂತೂ ಬೇರೆಯೇ ಲೆಕ್ಕ. ಒಂದು ಸಲ ಒಗೆದು, ಒಂದು ಸಲ ಕುದಿಸಿ, ಒಂದು ಸಲ ಜಾಲಿಸುವುದಕ್ಕೇ ಸುಮಾರು 190 ಲೀಟರ್ ನೀರು ಬೇಕಾಗುತ್ತಿತ್ತು. ಅದನ್ನು ತರಬೇಕು, ಒಲೆ ಹೊತ್ತಿಸಿ ಕಾಯಿಸಬೇಕು, ಬಟ್ಟೆ ಉಜ್ಜಬೇಕು, ಕುದಿಯುವ ಹಂಡೆಯಿಂದ ಕೋಲಿನಲ್ಲಿ ಎತ್ತಬೇಕು, ಹಿಂಡಬೇಕು. ಕೊನೆಗೆ ಕೊಳೆ ನೀರನ್ನೂ ಹೊತ್ತು ಹೊರಗೆ ಚೆಲ್ಲಬೇಕು. ಕ್ಷಾರದ ಸೋಪಿಗೆ ಕೈಯ ಚರ್ಮ ಸುಲಿದು ಹೋಗುತ್ತಿತ್ತು. ಮರುದಿನ ಇಸ್ತ್ರಿ. ಒಲೆಯ ಮೇಲೆ ಕಾಯಿಸಿದ ಕಬ್ಬಿಣದ ಗಟ್ಟಿ, ಆರಿದ ಕೂಡಲೇ ಮತ್ತೆ ಒಲೆಗೆ.

ಹಾಗಾದರೆ ವಾಷಿಂಗ್ ಮೆಷಿನ್ ಬಂದ ಮೇಲೆ ಹೆಂಗಸರಿಗೆ ಬಿಡುವು ಸಿಕ್ಕಿತು, ಅಲ್ವಾ? ಇಲ್ಲೊಂದು ತಮಾಷೆ ಇದೆ. ಜೋನ್ ವಾನೆಕ್ ಎಂಬ ಸಂಶೋಧಕಿ 1974ರಲ್ಲಿ ಅಮೆರಿಕದಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಗುತ್ತಿತ್ತು ಅನ್ನುವ ಹಳೆಯ ಲೆಕ್ಕಗಳನ್ನೆಲ್ಲ ಕೆದಕಿದರು. ಹೊರಗೆ ಕೆಲಸಕ್ಕೆ ಹೋಗದ ಗೃಹಿಣಿ 1924ರಲ್ಲಿ ಮನೆಗೆಲಸಕ್ಕೆ ವಾರಕ್ಕೆ ಸುಮಾರು 52 ಗಂಟೆ ಕೊಡುತ್ತಿದ್ದಳು. 1960ರ ದಶಕದಲ್ಲಿ ಅದು 55 ಗಂಟೆ! ನಲ್ಲಿ, ಗ್ಯಾಸು, ಫ್ರಿಜ್ಜು, ಮೆಷಿನ್ನು ಎಲ್ಲ ಬಂದ ಮೇಲೂ. ಬಟ್ಟೆಗೆ ಹೋಗುವ ಹೊತ್ತು ಕೂಡ ಹೆಚ್ಚಾಗಿತ್ತು.

ಕಾರಣ ಸರಳ. ವಾರವಿಡೀ ಹಾಕುತ್ತಿದ್ದ ಅಂಗಿ ಒಂದೇ ದಿನಕ್ಕೆ ಕೊಳೆ ಅನ್ನಿಸಿಕೊಂಡಿತು. ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ ಇನ್ನೊಂದು ಮುಖ ತೋರಿಸಿದರು. ಯಂತ್ರಗಳು ಮೊದಲು ಬಿಡುಗಡೆ ಕೊಟ್ಟದ್ದು ಗಂಡಸರಿಗೆ ಮತ್ತು ಮಕ್ಕಳಿಗೆ. ಸೌದೆ ಒಡೆಯುವುದು, ನೀರು ತುಂಬುವುದು, ಕಂಬಳಿ ಜಾಡಿಸುವುದು ಅವರ ಪಾಲಿಗೂ ಇತ್ತು. ಅದೆಲ್ಲ ತಪ್ಪಿತು. ಮನೆಗೆಲಸದ ಆಳುಗಳೂ ಇಲ್ಲವಾದರು. ಉಳಿದದ್ದೆಲ್ಲ ಒಬ್ಬಳ ತಲೆ ಮೇಲೆ. ಆದರೂ ನೀರು ಹೊರುವ 52 ಗಂಟೆಯೂ ಬಟನ್ ಒತ್ತುವ 55 ಗಂಟೆಯೂ ಒಂದೇ ಅಂತ ನಾನು ಹೇಳಲಾರೆ. ಸೊಂಟಕ್ಕೆ ವ್ಯತ್ಯಾಸ ಗೊತ್ತಿರುತ್ತದೆ.

"ಸಾಕು" ಅನ್ನುವ ಗೆರೆ ಹೀಗೆ ಮೇಲೆ ಮೇಲೆ ಹೋಗುವುದನ್ನು ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲೇ ಗುರುತಿಸಿದ್ದರು. ಪ್ರಾಚೀನ ಗ್ರೀಕರು, ರೋಮನ್ನರು ನಾರಿನ ಬಟ್ಟೆಯ ಅಂಗಿ ಇಲ್ಲದೆಯೇ ಆರಾಮಾಗಿದ್ದರು ಅನ್ನುವುದು ಅವರ ಊಹೆ. ಸ್ಮಿತ್ ಕಾಲಕ್ಕೆ ಯುರೋಪಿನ ಕೂಲಿಯವನೂ ಆ ಅಂಗಿ ಇಲ್ಲದೆ ನಾಲ್ಕು ಜನರ ಮುಂದೆ ಬರಲು ನಾಚುತ್ತಿದ್ದ. ಕರೆಂಟ್ ಹೋದ ಹತ್ತೇ ನಿಮಿಷಕ್ಕೆ ಚಡಪಡಿಸುವವರಲ್ಲಿ ನಾನೂ ಒಬ್ಬ. ಹಾಗಾಗಿ ಆ ಕೂಲಿಯವನನ್ನು ನೋಡಿ ನಗಲು ನನಗೆ ಮುಖವಿಲ್ಲ.

ಬೆಳಕಿನ ಲೆಕ್ಕವನ್ನು ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ ಮಾಡಿದ್ದಾರೆ. ಅವರಿಗೆ 2018ರಲ್ಲಿ ನೊಬೆಲ್ ಬಂತು, ಬೇರೆ ಕೆಲಸಕ್ಕೆ. ರೋಮನ್ ಕಾಲದ ಎಣ್ಣೆ ದೀಪವೊಂದನ್ನು ಕೊಂಡು, ಎಳ್ಳೆಣ್ಣೆ ಹಾಕಿ ಉರಿಸಿ, ಬೆಳಕನ್ನು ಅಳೆದ ಮನುಷ್ಯ ಇವರು. ಇವತ್ತಿನ ಸಾಮಾನ್ಯ ಬಲ್ಬು ಸುಮಾರು ಒಂದು ಗಂಟೆಯಲ್ಲಿ ಕೊಡುವಷ್ಟು ಬೆಳಕನ್ನು ಕೊಳ್ಳಲು 1800ರಲ್ಲಿ ಐದು ಗಂಟೆಗೂ ಹೆಚ್ಚು ಕೂಲಿ ಮಾಡಬೇಕಿತ್ತು. 1992ಕ್ಕೆ ಒಂದು ಸೆಕೆಂಡಿನ ದುಡಿಮೆಯೂ ಬೇಕಾಗಲಿಲ್ಲ.

ಇದಿಷ್ಟು ಹೇಳಿಕೊಳ್ಳಬಹುದಾದ್ದು. ನೀರು ಹೊತ್ತೆವು, ಬಟ್ಟೆ ಕುಕ್ಕಿದೆವು, ಕತ್ತಲಲ್ಲಿ ಕೂತೆವು, ಆದರೂ ಗೆದ್ದೆವು. ಇದನ್ನೆಲ್ಲ ನಗುತ್ತಲೇ ಹೇಳಬಹುದು.

ಇನ್ನೊಂದು ಬಗೆಯದಕ್ಕೆ ಬರೋಣ. ಫ್ಯಾನಿ ಬರ್ನಿ ಇಂಗ್ಲೆಂಡಿನ ಹೆಸರಾಂತ ಲೇಖಕಿ. 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನ ತಮ್ಮ ಮನೆಯಲ್ಲೇ ಅವರಿಗೆ ಸ್ತನದ ಶಸ್ತ್ರಚಿಕಿತ್ಸೆ ನಡೆಯಿತು. ಅರಿವಳಿಕೆ ಅನ್ನುವುದು ಅಲ್ಲಿ ಆಗಿನ್ನೂ ಬಂದಿರಲಿಲ್ಲ. ಕುಡಿಯಲು ಒಂದಿಷ್ಟು ವೈನ್ ಬೆರೆಸಿದ ಔಷಧಿ, ಮುಖಕ್ಕೆ ಒಂದು ತೆಳು ಕರವಸ್ತ್ರ, ಅಷ್ಟೇ. ಆ ಬಟ್ಟೆಯೊಳಗಿಂದಲೇ ಚಾಕುವಿನ ಹೊಳಪು ಕಾಣುತ್ತಿತ್ತು. ಕಪ್ಪು ಬಟ್ಟೆಯ ಏಳು ಗಂಡಸರು ಸುತ್ತ ನಿಂತಿದ್ದರು. ಇದೆಲ್ಲ ನಮಗೆ ಗೊತ್ತಾದದ್ದು ಅವರು ಅಕ್ಕನಿಗೆ ಬರೆದ ಪತ್ರದಿಂದ. ಅದನ್ನು ಬರೆಯಲೂ ಅವರಿಗೆ ತಿಂಗಳುಗಳೇ ಬೇಕಾದವು. ಬರೆದದ್ದನ್ನು ತಿರುಗಿ ಓದಲು ಧೈರ್ಯ ಬರಲಿಲ್ಲ. ಈ ವಿಷಯ ಮಾತಿಗೆ ಬಂದರೆ ಎಲ್ಲವನ್ನೂ ಮತ್ತೊಮ್ಮೆ ಅನುಭವಿಸಿದಂತಾಗುತ್ತಿತ್ತಂತೆ. ಮುಂದೆ 87 ವರ್ಷದವರೆಗೆ ಬದುಕಿದರು. ಬಾಸ್ಟನ್ನಿನಲ್ಲಿ ದಂತವೈದ್ಯ ವಿಲಿಯಂ ಮಾರ್ಟನ್ ಈಥರ್ ಎಂಬ ಅರಿವಳಿಕೆ ಕೊಟ್ಟು, ರೋಗಿಗೆ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಎಲ್ಲರೆದುರು ತೋರಿಸಿದ್ದು 1846ರ ಅಕ್ಟೋಬರ್ 16ರಂದು. ಬರ್ನಿ ಅದಕ್ಕೂ ಆರು ವರ್ಷ ಮೊದಲೇ ತೀರಿಕೊಂಡಿದ್ದರು.

ಬರ್ನಿ ಲೇಖಕಿ, ಅದಕ್ಕೇ ನಮಗೆ ಪತ್ರ ಸಿಕ್ಕಿತು. ಅದೇ ಚಾಕುವಿನ ಕೆಳಗೆ ಮಲಗಿದ ಉಳಿದವರೆಲ್ಲ ಏನೂ ಬರೆದಿಡದೆ ಹೋದರು.

ದುಡ್ಡು, ಅಧಿಕಾರ ಇದ್ದರೂ ಅಷ್ಟೇ. 1924ರ ಜೂನ್ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್ ಅವರ 16 ವರ್ಷದ ಮಗ ಕಾಲುಚೀಲ ಹಾಕದೆ ಟೆನಿಸ್ ಆಡಿದ. ಕಾಲ್ಬೆರಳಲ್ಲಿ ಒಂದು ಬೊಬ್ಬೆ ಎದ್ದಿತು. ಸೋಂಕು ರಕ್ತಕ್ಕೆ ಇಳಿಯಿತು. ಜುಲೈ 7ಕ್ಕೆ ಹುಡುಗ ಇರಲಿಲ್ಲ. ದೇಶದ ದೊಡ್ಡ ದೊಡ್ಡ ವೈದ್ಯರು ಪಕ್ಕದಲ್ಲೇ ಇದ್ದರು, ಅವರ ಕೈಯಲ್ಲಿ ಔಷಧಿಯೇ ಇರಲಿಲ್ಲ. ವಿಜ್ಞಾನಿ ಅಲೆಕ್ಸಾಂಡರ್ ಫ್ಲೆಮಿಂಗ್ ಸೋಂಕಿನ ಔಷಧಿ ಪೆನಿಸಿಲಿನ್ ಕಂಡುಕೊಂಡದ್ದು ನಾಲ್ಕು ವರ್ಷದ ನಂತರ. 1941ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಅದನ್ನು ಕೊಟ್ಟರು. ಕೆಲವೇ ದಿನಗಳಲ್ಲಿ ಚೇತರಿಸಿಕೊಂಡು ಎದ್ದು ಕೂತ. ಔಷಧಿ ಎಷ್ಟು ಕಡಿಮೆ ಇತ್ತೆಂದರೆ, ಅವನ ಮೂತ್ರದಿಂದ ಪೆನಿಸಿಲಿನ್ ಬೇರ್ಪಡಿಸಿ ಅವನಿಗೇ ಮತ್ತೆ ಚುಚ್ಚಿದರು. ಆಮೇಲೆ ಅದೂ ಮುಗಿಯಿತು. ಸೋಂಕು ತಿರುಗಿ ಬಂದು ಮಾರ್ಚ್‌ನಲ್ಲಿ ತೀರಿಕೊಂಡ. ಇವತ್ತು ಅರ್ಧ ಕೋರ್ಸ್ ನುಂಗಿ ಉಳಿದ ಮಾತ್ರೆಯನ್ನು ಡ್ರಾಯರಿನಲ್ಲಿ ಮರೆಯುವ ನಮಗೆ ಇದು ನಂಬುವುದಕ್ಕೂ ಕಷ್ಟ.

ಎಲ್ಲಕ್ಕಿಂತ ದೊಡ್ಡ ಮೌನ ಮಕ್ಕಳದು. ಸುಮಾರು ಇನ್ನೂರು ವರ್ಷದ ಹಿಂದಿನವರೆಗೂ ಜಗತ್ತಿನಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ದೊಡ್ಡವರಾಗುವ ಮೊದಲೇ ಸಾಯುತ್ತಿದ್ದರು. ಶುದ್ಧ ನೀರು, ಚರಂಡಿ, ಹೊಟ್ಟೆ ತುಂಬ ಊಟ, ಲಸಿಕೆ ಎಲ್ಲ ಸೇರಿ ಅದನ್ನು ತಗ್ಗಿಸಿದವು. 2022ರಲ್ಲಿ ಐದು ವರ್ಷ ತುಂಬುವ ಮೊದಲು ತೀರಿಕೊಂಡ ಮಕ್ಕಳು ಸಾವಿರಕ್ಕೆ ಸುಮಾರು 37. ಅಂದರೂ ಒಂದೇ ವರ್ಷದಲ್ಲಿ 49 ಲಕ್ಷ. ಅದೇ ವರ್ಷ ಮನೆಯಲ್ಲಿ ನೀರಿಲ್ಲದೆ ಹೊರಗಿನಿಂದ ತರಬೇಕಾದವರು 180 ಕೋಟಿ ಜನ. ಅಂಥ ಹತ್ತು ಮನೆಗಳಲ್ಲಿ ಏಳರಲ್ಲಿ ಹೊರುವವರು ಹೆಂಗಸರು, ಹುಡುಗಿಯರು. ಅವರ ಪಾಲಿಗೆ 1886 ಇನ್ನೂ ಮುಗಿದಿಲ್ಲ.

ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ಎಷ್ಟೋ ಕಡೆ ಇತ್ತು. ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಹುಟ್ಟಿದ್ದು 1853ರ ಮಾರ್ಚ್ 30ರಂದು. ಸರಿಯಾಗಿ ಒಂದು ವರ್ಷದ ಹಿಂದೆ, ಅದೇ ತಾರೀಖಿಗೆ, ಅವನ ಅಣ್ಣ ಜೀವವಿಲ್ಲದೆ ಹುಟ್ಟಿದ್ದ. ಅವನ ಹೆಸರೂ ವಿನ್ಸೆಂಟ್. ತಂದೆ ಪಾದ್ರಿ, ಸಮಾಧಿ ಅವರದೇ ಚರ್ಚಿನ ಅಂಗಳದಲ್ಲಿತ್ತು. ತನ್ನದೇ ಹೆಸರು ಕೆತ್ತಿದ ಆ ಕಲ್ಲಿನ ಹತ್ತಿರವೇ ಹುಡುಗ ಬೆಳೆದ.

ತುಂಬ ವಯಸ್ಸಾದ ಹೆಂಗಸೊಬ್ಬರನ್ನು ಮಕ್ಕಳೆಷ್ಟು ಅಂತ ಕೇಳಿ ನೋಡಿ. "ಹೆತ್ತದ್ದು ಎಂಟು, ಉಳಿದದ್ದು ಐದು" ಅನ್ನುತ್ತಾರೆ. ಒಂದು ಗಳಿಗೆ ಸುಮ್ನಿರುತ್ತಾರೆ. ಆಮೇಲೆ ಸೆರಗು ಸರಿ ಮಾಡಿಕೊಂಡು, ನೀರು ಎಷ್ಟು ದೂರದಿಂದ ತರಬೇಕಿತ್ತು ಅನ್ನುವ ಕಥೆಗೆ ತಿರುಗುತ್ತಾರೆ.