20, 15, 16: ವೀರ್ಯ ಪರೀಕ್ಷೆಯ ಅಂಕಿ ಬದಲಾದದ್ದು ಹೇಗೆ?

ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಾಗದಿದ್ದರೆ ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ಮೊದಲು ಮಂಗಳೂರಿನ ಬಸ್ಸು ಹತ್ತುವುದು ಹೆಂಡತಿ. ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ನಡುವೆ ಸುಬ್ರಹ್ಮಣ್ಯದಲ್ಲಿ ಒಂದು ಆಶ್ಲೇಷ ಬಲಿ. ಗಂಡನ ಸರದಿ ಕೊನೆಗೆ. ಅವನ ಕೈಗೆ ಸಿಗುವುದು ಒಂದು ರಿಪೋರ್ಟು, ಅದರಲ್ಲೊಂದು ಅಂಕಿ: ಒಂದು ಮಿಲಿಲೀಟರ್ ವೀರ್ಯದಲ್ಲಿ ಎಷ್ಟು ವೀರ್ಯಾಣು ಅಂತ.

ವೀರ್ಯಾಣುವನ್ನು ಲೇವನ್‌ಹುಕ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1677ರಲ್ಲಿ. ಎಣಿಸಿ ಗಡಿ ಹಾಕಲು ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು ಅನ್ನಿ. 1951ರಲ್ಲಿ ಅಮೆರಿಕದ ಮೆಕ್‌ಲಿಯಡ್ ಮತ್ತು ಗೋಲ್ಡ್ ಮಕ್ಕಳಾದ, ಆಗದ ದಂಪತಿಗಳ ಗಂಡಸರನ್ನು ಹೋಲಿಸಿದರು. ಮಿಲಿಲೀಟರ್‌ಗೆ 20 ಮಿಲಿಯನ್, ಅಂದರೆ 2 ಕೋಟಿ, ಅದಕ್ಕಿಂತ ಇಳಿದರೆ ಕಡಿಮೆ ಎಂಬ ಲೆಕ್ಕ ಅಲ್ಲಿಂದ ಬೇರೂರಿತು. ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಲ್ಯಾಬ್‌ಗಳಿಗೆ ಕೈಪಿಡಿ ತಂದಾಗಲೂ ಅದೇ, 1999ರಲ್ಲೂ ಅದೇ.

2010ರ ಕೈಪಿಡಿಯಲ್ಲಿ ಲೆಕ್ಕದ ದಾರಿಯೇ ಬದಲಾಯಿತು. 12 ತಿಂಗಳೊಳಗೆ ಹೆಂಡತಿ ಬಸುರಿಯಾದ ಗಂಡಸರನ್ನು ಮಾತ್ರ ಆರಿಸಿದರು, 8 ದೇಶಗಳಿಂದ ಸುಮಾರು 1,900 ಜನ. ಕೌಂಟ್ ಪ್ರಕಾರ ಸಾಲಾಗಿ ಇಟ್ಟು, ನೂರಕ್ಕೆ ಐದು ಜನ ಕೆಳಗೆ ಉಳಿಯುವ ಜಾಗದಲ್ಲಿ ಗೆರೆ ಎಳೆದರು: 15 ಮಿಲಿಯನ್. ಗಮನಿಸಿ, ಗೆರೆಯ ಕೆಳಗಿನ ಆ ಐವರೂ ಅಪ್ಪಂದಿರೇ! 2009ರಲ್ಲಿ 17 ಇದ್ದವನು 'ಕಡಿಮೆ', ಮರುವರ್ಷ 'ನಾರ್ಮಲ್'. ಮೈಯಲ್ಲಿ ಏನೂ ಬದಲಾಗಿರಲಿಲ್ಲ. 2021ರಲ್ಲಿ ಇನ್ನಷ್ಟು ದೇಶಗಳ ಮಾಹಿತಿ ಸೇರಿ ಅದು 16 ಆಯಿತು. ಈ ಗೆರೆ ಮಕ್ಕಳಾಗುತ್ತವೋ ಇಲ್ಲವೋ ಎಂದು ತೀರ್ಮಾನಿಸುವುದಿಲ್ಲ ಅಂತ ಕೈಪಿಡಿಯೇ ಹೇಳುತ್ತದೆ, ಆದರೆ ರಿಪೋರ್ಟು ಓದುವ ನಾವು ಅದನ್ನು ಪಾಸು-ಫೇಲಿನ ಹಾಗೇ ನೋಡುತ್ತೇವೆ, ಅಲ್ವಾ?

ಅತ್ತ 1992ರಲ್ಲಿ ಬ್ರಸೆಲ್ಸ್‌ನಿಂದ ಇಕ್ಸಿ ಬಂತು. ಒಂದೇ ಒಂದು ವೀರ್ಯಾಣುವನ್ನು ಸೂಜಿಯಲ್ಲಿ ಅಂಡದೊಳಗೆ ಬಿಟ್ಟರೆ ಸಾಕು. ಎಷ್ಟೋ ಮನೆಗಳಲ್ಲಿ ತೊಟ್ಟಿಲು ಕಟ್ಟಿಸಿದ ವಿಧಾನ ಇದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಂಡಸಿನ ಮೈ ಪರೀಕ್ಷೆ ಮಾಡುವ ತಾಳ್ಮೆ ಅಲ್ಲಿಂದಲೇ ಕಡಿಮೆಯಾಯಿತು ಅನ್ನಿಸುತ್ತದೆ. ವೃಷಣದ ಮೇಲಿನ ರಕ್ತನಾಳ ಊದಿಕೊಳ್ಳುವ ವೆರಿಕೋಸೀಲ್ ಉಂಟಲ್ಲ, ನಿಲ್ಲಿಸಿ ಮುಟ್ಟಿ ನೋಡಿದರೆ ಸಾಮಾನ್ಯವಾಗಿ ತಿಳಿಯುತ್ತದೆ. ಆಪರೇಷನ್ನಿನಿಂದ ಹಲವರಿಗೆ ಸುಧಾರಿಸುತ್ತದೆ ಕೂಡ.

ಅಮೆರಿಕದ ಯುರಾಲಜಿ ಮತ್ತು ಸಂತಾನ ವೈದ್ಯರ ಸಂಘಗಳು 2020ರಲ್ಲಿ ತಂದು 2024ರಲ್ಲಿ ತಿದ್ದಿದ ಮಾರ್ಗಸೂಚಿಯ ಮೊದಲ ಮಾತೇ, ಇಬ್ಬರನ್ನೂ ಒಟ್ಟಿಗೆ ಪರೀಕ್ಷಿಸಿ. ಮಕ್ಕಳು ಬೇಕೆನ್ನುವವನಿಗೆ ಟೆಸ್ಟೋಸ್ಟೆರೋನ್ ಕೊಡಬೇಡಿ, ಅದು ವೀರ್ಯಾಣು ಹುಟ್ಟುವುದನ್ನೇ ತಡೆಯುತ್ತದೆ ಎಂಬುದೂ ಅದರಲ್ಲಿದೆ. ಜಿಮ್ಮಿನ ಹುಡುಗರು ಕೇಳಿಸಿಕೊಳ್ಳಬೇಕು.

ಗಂಡನ ಹಿನ್ನೆಲೆಯನ್ನೂ ಕೇಳಬೇಕು: ಕಾಯಿಲೆ, ಔಷಧಿ, ಕೆಲಸ. ನಮ್ಮೂರಲ್ಲಿ ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ಇಲ್ಲಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದಿದ್ದರು. ಇಲ್ಲಿಯದೇ ಹಳ್ಳಿ ಪಡ್ರೆಯ ಶಾಲಾ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿದೆ ಎಂದು 2003ರ ಅಧ್ಯಯನ ಹೇಳಿತು. ಆ ಹುಡುಗರಿಗೆ ಈಗ ಮೂವತ್ತು ದಾಟಿದೆ. ಅವರಿಗೆ ಮಕ್ಕಳಾಗುವುದಿಲ್ಲ ಅಂತ ಅಧ್ಯಯನ ಹೇಳಿಲ್ಲ, ಆದರೆ ಡಾಕ್ಟರು ಊರು ಯಾವುದೆಂದು ಕೇಳಲೇಬೇಕು.

ಇನ್ನು ಪರೀಕ್ಷೆಗೆ ಹೋಗುವವರಿಗೆ. ಅದಕ್ಕೆ ಮೊದಲು 2ರಿಂದ 7 ದಿನ ವೀರ್ಯ ಹೊರಹೋಗದಂತೆ ಬಿಡುವಿರಬೇಕು. ಸ್ಯಾಂಪಲ್ ಒಂದು ಗಂಟೆಯೊಳಗೆ ಲ್ಯಾಬ್ ತಲುಪಬೇಕು, ಹಾಗಾಗಿ ಮನೆಯಿಂದ ತುಂಬಿಸಿಕೊಂಡು ಮಂಗಳೂರಿಗೆ ಬಸ್ಸು ಹತ್ತಿದರೆ ಕೆಲಸಕ್ಕೆ ಬಾರದು. ಅಲ್ಲೇ ಕೊಡಿ. ಮೊದಲ ರಿಪೋರ್ಟು ಸರಿಯಿಲ್ಲದಿದ್ದರೆ ಕನಿಷ್ಠ ಒಂದು ತಿಂಗಳು ಬಿಟ್ಟು ಇನ್ನೊಂದು ಬೇಕು. ಗಲ್ಫ್‌ನಿಂದ ತಿಂಗಳ ರಜೆಗೆ ಬಂದವರಿಗೆ ಇದೇ ಜಾಸ್ತಿ ಕಷ್ಟ. ಊರಿಗೆ ಇಳಿದ ವಾರದಲ್ಲೇ ಒಂದು ಮಾಡಿಸಿ, ಎರಡನೆಯದನ್ನು ಹೋದಲ್ಲಿ ಮಾಡಿಸಿ ರಿಪೋರ್ಟು ವಾಟ್ಸಾಪ್ ಮಾಡಬಹುದು.