ಮೆಮೊರಿ ಒಂದು ಹೇಳತ್ತೆ, ಡಿಸ್ಕ್ ಇನ್ನೊಂದು: ಫೈಲ್‌ಸಿಸ್ಟಮ್ ಟೇಬಲ್‌ಗಳ ಹಿನ್ನೆಲೆ

ಲಿನಕ್ಸ್ ಸರ್ವರ್ ನೋಡ್ಕೊಳ್ಳೋರಿಗೆಲ್ಲ ಇದು ಗೊತ್ತಿರೋ ಕಾಟ. ಡಿಸ್ಕ್ ಫುಲ್ ಅಂತ ಅಲರ್ಟ್ ಬರತ್ತೆ, ಒಳಗೆ ಹೋಗಿ ನೋಡಿದ್ರೆ ಯಾವುದೋ ಲಾಗ್ ಫೈಲ್ ಊದ್ಕೊಂಡು ಕೂತಿರತ್ತೆ, ಆರ್‌ಎಂ ಹೊಡೆದು ಡಿಲೀಟ್ ಮಾಡ್ತೀವಿ, ಎಲ್‌ಎಸ್ ಮಾಡಿದ್ರೆ ಫೈಲ್ ಇಲ್ಲ, ಆದ್ರೆ ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳೋ ಡಿಎಫ್ ಮಾತ್ರ ಇನ್ನೂ 100% ಅಂತಲೇ ತೋರಿಸ್ತಿರತ್ತೆ. ಡೈರೆಕ್ಟರಿಯಿಂದ ಹೆಸರು ಹೋಗಿದೆ ಅಷ್ಟೇ, ಆ ಲಾಗ್ ಬರೀತಿರೋ ಪ್ರೊಸೆಸ್ ಫೈಲನ್ನ ಇನ್ನೂ ಬಿಟ್ಟಿಲ್ಲ, ಹಾಗಾಗಿ ಕರ್ನಲ್ (ಓಎಸ್‌ನ ತಿರುಳು) ಮೆಮೊರಿಲಿ ಆ ಫೈಲಿನ ಐನೋಡ್, ಅಂದ್ರೆ ಫೈಲ್ ಎಷ್ಟುದ್ದ, ಅದರ ಬ್ಲಾಕ್‌ಗಳು ಎಲ್ಲಿವೆ ಅನ್ನೋ ವಿವರ ಇರೋ ದಾಖಲೆ, ಇನ್ನೂ ಬದುಕಿದೆ. ಪ್ರೊಸೆಸ್ ರಿಸ್ಟಾರ್ಟ್ ಮಾಡಿದ ತಕ್ಷಣ ಜಾಗ ವಾಪಸ್ ಬರತ್ತೆ.

ಇದು ಲಿನಕ್ಸ್ ಬಗ್ ಅಲ್ಲ, 1970ರ ದಶಕದ ಯುನಿಕ್ಸಿಂದ ನಡ್ಕೊಂಡು ಬಂದಿರೋ ರೂಲು. ಫೈಲ್‌ಸಿಸ್ಟಮ್ ಅಂದ್ರೆ ಡಿಸ್ಕ್ ಮೇಲಿರೋ ಸೂಪರ್‌ಬ್ಲಾಕ್ (ಇಡೀ ಫೈಲ್‌ಸಿಸ್ಟಮ್ಮಿನ ಲೆಕ್ಕ ಇಡೋ ಬ್ಲಾಕ್), ಐನೋಡ್, ಡೇಟಾ ಬ್ಲಾಕ್ ಅಂತ ಕಾಲೇಜಲ್ಲಿ ಓದಿರ್ತೀವಿ, ಆದ್ರೆ ಸಿಸ್ಟಮ್ ಓಡ್ತಿರುವಾಗ ಅರ್ಧ ಫೈಲ್‌ಸಿಸ್ಟಮ್ ರ‍್ಯಾಮಲ್ಲಿರತ್ತೆ. ಇಂಜಿನಿಯರಿಂಗ್ ಓಎಸ್ ಪೇಪರಲ್ಲಿ ಪ್ರೊಸೆಸಿನ ಫೈಲ್ ಟೇಬಲ್, ಇಡೀ ಸಿಸ್ಟಮ್ಮಿಗೆ ಒಂದು ಓಪನ್ ಫೈಲ್ ಟೇಬಲ್, ಆಮೇಲೆ ಐನೋಡ್ ಟೇಬಲ್ ಅಂತ ಮೂರು ಡಬ್ಬ ಬರೆದು ಬಾಣ ಎಳೆದ್ರೆ ಮಾರ್ಕ್ಸ್ ಸಿಗತ್ತೆ. ಎರಡು ಸಾಕಿತ್ತಲ್ಲ, ನಡುವಿನದ್ದು ಯಾಕೆ ಬೇಕಿತ್ತು ಅಂತ ಕೇಳಿದ್ರೆ ಮಾತ್ರ ಬಹಳ ಜನಕ್ಕೆ ಉತ್ತರ ಗೊತ್ತಿರಲ್ಲ, ಯಾಕಂದ್ರೆ ಆ ಡಬ್ಬ ಯಾರೋ ಕೂತು ಡಿಸೈನ್ ಮಾಡಿದ್ದಲ್ಲ, ಒಂದು ತೊಂದರೆ ಬಂದ್ಮೇಲೆ ಹುಟ್ಟಿದ್ದು.

1969ರಲ್ಲಿ ಬೆಲ್ ಲ್ಯಾಬ್ಸಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಪಿಡಿಪಿ-7 ಅನ್ನೋ ಪುಟ್ಟ ಮೆಷಿನ್ ಮೇಲೆ ಯುನಿಕ್ಸ್ ಶುರು ಮಾಡಿದಾಗ, ಫೈಲಲ್ಲಿ ಎಲ್ಲಿವರೆಗೆ ಓದಿದೀವಿ ಅಥವಾ ಬರೆದಿದೀವಿ ಅನ್ನೋ ಆಫ್‌ಸೆಟ್ ಆಯಾ ಪ್ರೊಸೆಸ್ ಒಳಗೇ ಇರ್ತಿತ್ತು. ಆಮೇಲೆ ಫೋರ್ಕ್ ಬಂತು (ಪಿಡಿಪಿ-7ರ ಫೋರ್ಕಿಗೆ ಬೇಕಾಗಿದ್ದು ಬರೀ 27 ಸಾಲು ಅಸೆಂಬ್ಲಿ ಕೋಡ್ ಅಂತ ರಿಚಿನೇ ಬರೆದಿದಾರೆ), ಒಂದು ಪ್ರೊಸೆಸಿಂದ ಇನ್ನೊಂದು ಹುಟ್ಟೋಕೆ ಶುರುವಾಯ್ತು, ಎಲ್ಲಾ ಚೆನ್ನಾಗೇ ನಡೀತಿತ್ತು. ಒಂದಿನ ಎರಡು ಕಮಾಂಡಿರೋ ಫೈಲ್ ಮಾಡಿ, ಒಂದು ಸಾಲಲ್ಲಿ ಎಲ್‌ಎಸ್, ಇನ್ನೊಂದರಲ್ಲಿ ಹೂ (who, ಯಾರ್ಯಾರು ಲಾಗಿನ್ ಆಗಿದಾರೆ ಅಂತ ತೋರಿಸೋ ಕಮಾಂಡ್), ಅದನ್ನ ಕಮಾಂಡ್ ಓದಿ ಓಡಿಸೋ ಶೆಲ್ಲಿಗೆ ಕೊಟ್ಟು ಔಟ್‌ಪುಟ್ ಒಂದು ಫೈಲಿಗೆ ತಿರುಗಿಸಿದ್ರು. ಶೆಲ್ ಒಂದು ಮಗು ಪ್ರೊಸೆಸ್ ಹುಟ್ಟಿಸ್ತು, ಅದು ಎಲ್‌ಎಸ್ ಓಡಿಸಿ ಫೈಲಿಗೆ ಬರೆದು ಸತ್ತುಹೋಯ್ತು, ಅದರ ಜೊತೆಗೇ ಅದರ ಆಫ್‌ಸೆಟ್ಟೂ ಹೋಯ್ತು. ಶೆಲ್ ತಾನಾಗಿ ಏನೂ ಬರೆದಿರಲಿಲ್ಲ ನೋಡಿ, ಅದರ ಹತ್ರ ಆಫ್‌ಸೆಟ್ ಇನ್ನೂ ಸೊನ್ನೆ. ಎರಡನೇ ಮಗು ಆ ಸೊನ್ನೆನೇ ಕಾಪಿ ಮಾಡ್ಕೊಂಡು ಹೂ ಓಡಿಸ್ತು, ಅದರ ಔಟ್‌ಪುಟ್ ನೇರವಾಗಿ ಎಲ್‌ಎಸ್ ಬರೆದಿದ್ದರ ಮೇಲೇ ಕೂತ್ಕೊಂತು.

ಇದಕ್ಕೆ ಅವರು ಹುಡುಕಿದ ದಾರಿ ಏನಪ್ಪಾ ಅಂದ್ರೆ ಆಫ್‌ಸೆಟ್‌ಗಳನ್ನ ಪ್ರೊಸೆಸಿಂದ ಹೊರಗೆ ತೆಗೆದು ಇಡೀ ಸಿಸ್ಟಮ್ಮಿಗೆ ಒಂದೇ ಟೇಬಲಲ್ಲಿ ಇಟ್ಬಿಡೋದು, ಅಪ್ಪ ಮಗ ಇಬ್ಬರೂ ಅದೇ ಎಂಟ್ರಿಗೆ ಬೆರಳು ತೋರಿಸೋದು. ನಡುವಿನ ಡಬ್ಬ ಅದೇ! ಇವತ್ತಿಗೂ ಒಂದೇ ಫೈಲನ್ನ ಇಬ್ಬರು ಬೇರೆ ಬೇರೆಯಾಗಿ ಓಪನ್ ಮಾಡಿದ್ರೆ ಎರಡು ಎಂಟ್ರಿ, ಎರಡು ಆಫ್‌ಸೆಟ್. ಫೋರ್ಕ್ ಮಾಡಿ ಹಂಚ್ಕೊಂಡ್ರೆ ಒಂದೇ ಎಂಟ್ರಿ. ಐನೋಡ್ ಮಾತ್ರ ಎಷ್ಟು ಜನ ಓಪನ್ ಮಾಡಿದ್ರೂ ಮೆಮೊರಿಲಿ ಒಂದೇ ಕಾಪಿ ಇರಬೇಕು, ಇಲ್ಲಾಂದ್ರೆ ಒಬ್ಬ ಫೈಲ್ ಉದ್ದ ಮಾಡಿದ್ದು ಇನ್ನೊಬ್ಬನಿಗೆ ಗೊತ್ತೇ ಆಗಲ್ಲ.

1975ರಲ್ಲಿ ಬಂದ ಯುನಿಕ್ಸ್ ಆರನೇ ಎಡಿಷನ್ ಹೊತ್ತಿಗೆ ಈ ವ್ಯವಸ್ಥೆ ಒಂದು ರೂಪಕ್ಕೆ ಬಂದಿತ್ತು. ಸೈಜ್ ನೋಡಿದ್ರೆ ಈಗ ನಗು ಬರತ್ತೆ: ಐನೋಡ್ ಟೇಬಲಲ್ಲಿ 100 ಜಾಗ, ಓಪನ್ ಫೈಲ್ ಟೇಬಲಲ್ಲಿ 100, ಒಂದು ಪ್ರೊಸೆಸ್ಸಿಗೆ 15 ಫೈಲ್, ಮೌಂಟ್ ಟೇಬಲಲ್ಲಿ (ಜೋಡಿಸಿರೋ ಡಿಸ್ಕ್‌ಗಳ ಪಟ್ಟಿ) 5, ಡಿಸ್ಕ್ ಬ್ಲಾಕ್‌ಗಳನ್ನ ಇಟ್ಕೊಳ್ಳೋ ಬಫರ್ ಕೇವಲ 15, ತಲಾ 512 ಬೈಟ್ ಅಂದ್ರೆ ಇಡೀ ಕ್ಯಾಶ್ ಏಳೂವರೆ ಕೆಬಿ. ಎಲ್ಲಾ ಫಿಕ್ಸೆಡ್ ಅರೇ, ಐನೋಡ್ ಹುಡುಕಬೇಕಂದ್ರೆ ಮೊದಲಿಂದ ಕೊನೆವರೆಗೆ ಒಂದೊಂದೇ ನೋಡೋದು, ತುಂಬಿಹೋದ್ರೆ ಐನೋಡ್ ಟೇಬಲ್ ಓವರ್‌ಫ್ಲೋ ಅಂತ ಕನ್ಸೋಲಲ್ಲಿ ಪ್ರಿಂಟು. ಆಗಿನ ಆರ್‌ಕೆ05 ಡಿಸ್ಕೇ ಸುಮಾರು 2.5 ಎಂಬಿ ಇದ್ದಿದ್ದು, ಹಾಗಾಗಿ ಸಾಕಾಗ್ತಿತ್ತು ಅನ್ಸತ್ತೆ.

ಡಿಸ್ಕ್ ಮೇಲೆ ಐನೋಡ್ 32 ಬೈಟು. ಅದೇ ಮೆಮೊರಿಗೆ ಬಂದಾಗ ಜೊತೆಗೆ ಇನ್ನಷ್ಟು ಸೇರ್ಕೊಳ್ಳತ್ತೆ, ಯಾವ ಡಿಸ್ಕಿಂದ ಬಂತು, ನಂಬರ್ ಎಷ್ಟು, ಬದಲಾಗಿದೆಯಾ, ಲಾಕ್ ಆಗಿದೆಯಾ, ಮತ್ತೆ ಮುಖ್ಯವಾಗಿ ಎಷ್ಟು ಜನ ಹಿಡ್ಕೊಂಡಿದಾರೆ ಅನ್ನೋ ಕೌಂಟ್. ಡಿಸ್ಕಲ್ಲಿರೋ ಲಿಂಕ್ ಕೌಂಟ್ ಅಂದ್ರೆ ಡೈರೆಕ್ಟರಿಗಳಲ್ಲಿ ಅದಕ್ಕೆ ಎಷ್ಟು ಹೆಸರಿದೆ ಅಂತ, ಮೆಮೊರಿಲಿರೋ ಕೌಂಟ್ ಅಂದ್ರೆ ಈಗ ಎಷ್ಟು ಜನ ಬಳಸ್ತಿದಾರೆ ಅಂತ, ಎರಡೂ ಸೊನ್ನೆ ಆದ್ರೆ ಮಾತ್ರ ಬ್ಲಾಕ್‌ಗಳು ಫ್ರೀ. ಮೊದಲು ಹೇಳಿದ ಲಾಗ್ ಫೈಲ್ ಕಥೆ ಪೂರ್ತಿ ಇಷ್ಟೇ, ಆರ್‌ಎಂ ಮೊದಲನೇ ಕೌಂಟ್ ಇಳಿಸಿದೆ, ಎರಡನೇದು ಪ್ರೊಸೆಸ್ ಕೈಲಿದೆ.

ಈಗ ಅಸಲಿ ತಲೆನೋವಿಗೆ ಬರೋಣ. ಮೆಮೊರಿಲಿ ಒಂದು ಕಾಪಿ ಅಂತ ಇಟ್ಕೊಂಡ ಮೇಲೆ ಅದು ಡಿಸ್ಕಿಗಿಂತ ಮುಂದೆ ಓಡತ್ತೆ. ಕಿರಾಣಿ ಅಂಗಡಿಯವ್ನು ಉದ್ರಿ ಲೆಕ್ಕನ ಚೀಟಿಲಿ ಗೀಚ್ಕೊಂಡು ರಾತ್ರಿ ಪುಸ್ತಕಕ್ಕೆ ಹತ್ತಿಸ್ತಾನಲ್ಲ, ಹಾಗೆ, ಚೀಟಿ ನಡುವೆ ಕಳೆದುಹೋದ್ರೆ ಪುಸ್ತಕದಲ್ಲಿರೋದೇ ನಿಜ ಆಗ್ಬಿಡತ್ತೆ. ಆರನೇ ಎಡಿಷನ್ನಲ್ಲಿ ಬರೆದ ಬ್ಲಾಕ್ ಎಷ್ಟೋ ಸಲ ತಕ್ಷಣ ಡಿಸ್ಕಿಗೆ ಹೋಗ್ತಿರಲಿಲ್ಲ, ಬಫರಲ್ಲೇ ಕೊಳೆ ಅಂತ ಗುರುತು ಹಾಕಿ ಬಿಡ್ತಿದ್ರು, ಅಪ್‌ಡೇಟ್ ಅನ್ನೋ ಸಣ್ಣ ಪ್ರೋಗ್ರಾಂ 30 ಸೆಕೆಂಡಿಗೊಮ್ಮೆ ಎದ್ದು ಸಿಂಕ್ ಕರೆದು ಎಲ್ಲಾ ಕಕ್ಕಿಸ್ತಿತ್ತು. ಆ ಸಿಂಕ್ ಕೂಡ ಬರೆಯೋಕೆ ಹೇಳಿ ವಾಪಸ್ ಬರ್ತಿತ್ತೇ ಹೊರತು ಬರೆದು ಮುಗೀತು ಅಂತ ಗ್ಯಾರಂಟಿ ಏನಿಲ್ಲ, ಅದಕ್ಕೇ ಮೆಷಿನ್ ಆಫ್ ಮಾಡೋ ಮುಂಚೆ ಸಿಂಕ್ ಸಿಂಕ್ ಸಿಂಕ್ ಅಂತ ಮೂರು ಸಲ ಟೈಪ್ ಮಾಡೋ ಅಭ್ಯಾಸ ಹಳೇ ಅಡ್ಮಿನ್‌ಗಳಿಗೆ ಅಂಟ್ಕೊಂಡಿದ್ದು.

ಸೂಪರ್‌ಬ್ಲಾಕೂ ಮೆಮೊರಿಲೇ ಇರ್ತಿತ್ತು, ಅದರೊಳಗೆ ಖಾಲಿ ಬ್ಲಾಕ್‌ಗಳ 100 ನಂಬರ್. ಮುಗಿದ್ರೆ ಮುಂದಿನ 100 ನಂಬರ್ ಇನ್ನೊಂದು ಬ್ಲಾಕಲ್ಲಿ, ಹೀಗೇ ಸರಪಳಿ. ಕೋಡ್ ಬಹಳ ಸರಳ, ಆದ್ರೆ ಇದರಲ್ಲಿ ಎರಡು ಏಟು ಬಿತ್ತು. ಒಂದು, ಕರೆಂಟ್ ಹೋದ್ರೆ ಡಿಸ್ಕಲ್ಲಿರೋ ಹಳೇ ಲಿಸ್ಟಿಗೂ ಐನೋಡಿಗೂ ತಾಳೆ ಆಗಲ್ಲ, ಒಂದೇ ಬ್ಲಾಕ್ ಎರಡು ಫೈಲಿಗೆ ಸೇರಿರತ್ತೆ, ಬೂಟ್ ಆದ್ಮೇಲೆ ಐಚೆಕ್, ಡಿಚೆಕ್ ಓಡಿಸಿ ಕೈಯಾರೆ ಸರಿಮಾಡ್ಬೇಕು (ಆಮೇಲೆ ಟೆಡ್ ಕೊವಾಲ್ಸ್ಕಿ ಬರೆದ ಎಫ್‌ಎಸ್‌ಸಿಕೆ ಬಂದು ಈ ಕೆಲಸ ತಗೊಂಡಿತು). ಎರಡನೇದು ನಿಧಾನದ ವಿಷ. ಕೊನೆಗೆ ಫ್ರೀ ಆದ ಬ್ಲಾಕ್ ಮೊದಲು ಹೊರಗೆ ಬರತ್ತೆ, ಹಾಗಾಗಿ ದಿನ ಕಳೆದಂಗೆ ಲಿಸ್ಟ್ ಪೂರ್ತಿ ಚೆಲ್ಲಾಪಿಲ್ಲಿ, ಒಂದು ಫೈಲಿನ ಬ್ಲಾಕ್‌ಗಳು ಡಿಸ್ಕ್ ತುಂಬಾ ಹರಡಿರತ್ತೆ. ಬರ್ಕ್‌ಲಿಯಲ್ಲಿ ಕಿರ್ಕ್ ಮೆಕ್ಯುಸಿಕ್ ಮತ್ತು ಜೊತೆಗಾರರು 1984ರ ಪೇಪರಲ್ಲಿ ಲೆಕ್ಕ ಕೊಟ್ಟಿದಾರೆ: ಫೈಲ್‌ಸಿಸ್ಟಮ್ ಹೊಸದಾಗಿದ್ದಾಗ ಸೆಕೆಂಡಿಗೆ 175 ಕೆಬಿ ತನಕ ಬರ್ತಿದ್ದಿದ್ದು ಕೆಲವೇ ವಾರದ ಬಳಕೆಲಿ 30 ಕೆಬಿಗೆ ಇಳೀತಿತ್ತು. ಅವರ ಫಾಸ್ಟ್ ಫೈಲ್ ಸಿಸ್ಟಮ್ ಆ ಲಿಸ್ಟನ್ನ ಎಸೆದು ಬಿಟ್‌ಮ್ಯಾಪ್ (ಜಾಗ ಖಾಲಿನಾ ತುಂಬಿದೆಯಾ ಅಂತ ಒಂದೊಂದು ಬಿಟ್ಟಲ್ಲಿ ಗುರುತು ಮಾಡೋ ನಕ್ಷೆ) ತಂತು, ಡಿಸ್ಕನ್ನ ಸಿಲಿಂಡರ್ ಗ್ರೂಪ್ ಅಂತ ಭಾಗ ಮಾಡಿ ಒಂದೊಂದಕ್ಕೂ ಒಂದೊಂದು ಮ್ಯಾಪು, ಈ ಬ್ಲಾಕಿನ ಪಕ್ಕದ್ದು ಖಾಲಿ ಇದೆಯಾ ಅಂತ ಕೇಳಿದ್ರೆ ಮ್ಯಾಪ್ ನೋಡಿ ಹೇಳ್ಬೋದು, ಲಿಸ್ಟ್ ನೋಡಿ ಹೇಳೋಕಾಗಲ್ಲ.

ಬಿಟ್‌ಮ್ಯಾಪ್ ಐಡಿಯಾ ಪರ್ಸನಲ್ ಕಂಪ್ಯೂಟರ್ ಕಡೆ ಮುಂಚೆನೇ ಇತ್ತು, ಅಲ್ಲಿ ಬೇರೆ ಥರದ ತಮಾಷೆ. ಗ್ಯಾರಿ ಕಿಲ್‌ಡಾಲ್ ಅವರ ಸಿಪಿ/ಎಂ ಸಿಸ್ಟಮಲ್ಲಿ ಯಾವ ಬ್ಲಾಕ್ ಖಾಲಿ ಅನ್ನೋದನ್ನ ಡಿಸ್ಕ್ ಮೇಲೆ ಬರೀತಾನೇ ಇರಲಿಲ್ಲ. ಡ್ರೈವನ್ನ ಮೊದಲ ಸಲ ಬಳಸಿದಾಗ ಡೈರೆಕ್ಟರಿ ಪೂರ್ತಿ ಓದಿ ಮೆಮೊರಿಲೇ ಮ್ಯಾಪ್ ಕಟ್ಕೊಳ್ಳೋದು, ಮಾಮೂಲಿ 8 ಇಂಚಿನ ಫ್ಲಾಪಿಗೆ ಅದು 31 ಬೈಟ್ ಅಷ್ಟೇ. ಚಂದ ಅಲ್ವಾ, ಡಿಸ್ಕಲ್ಲಿ ಇಲ್ಲದೇ ಇರೋದು ಹಾಳಾಗೋಕೆ ಸಾಧ್ಯ ಇಲ್ಲ. ಆದ್ರೆ ಜನ ಹೇಳ್ದೆ ಕೇಳ್ದೆ ಫ್ಲಾಪಿ ಬದಲಾಯಿಸಿಬಿಡ್ತಾರೆ, ಮೆಮೊರಿಲಿ ಹಳೇ ಫ್ಲಾಪಿ ಮ್ಯಾಪ್, ಡ್ರೈವಲ್ಲಿ ಹೊಸ ಫ್ಲಾಪಿ, ಹಂಗೇ ಬರೆದ್ರೆ ಹೊಸ ಫ್ಲಾಪಿ ಕಥೆ ಮುಗೀತು. ಅದಕ್ಕೆ ಡೈರೆಕ್ಟರಿಯ ಚೆಕ್‌ಸಮ್‌ಗಳನ್ನೂ ಮೆಮೊರಿಲಿ ಇಟ್ಕೊಂಡು ತಾಳೆ ನೋಡ್ತಿತ್ತು, ಹೊಂದ್ಲಿಲ್ಲ ಅಂದ್ರೆ ಡ್ರೈವನ್ನ ರೀಡ್ ಓನ್ಲಿ ಮಾಡಿ ಬರೆಯೋಕೆ ಹೋದವನ ಮುಖಕ್ಕೆ ಎರರ್ ಎಸೀತಿತ್ತು, ಕಂಟ್ರೋಲ್-ಸಿ ಒತ್ತಿ ಹೊಸ ಫ್ಲಾಪಿನ ಮತ್ತೆ ಓದಿಸ್ಬೇಕು. ಬೈಸ್ಕೊಂಡ ಫೀಚರು, ಆದ್ರೆ ನನ್ನ ಕೇಳಿದ್ರೆ ಸರಿಯಾದ ನಿರ್ಧಾರ.

ಮೈಕ್ರೋಸಾಫ್ಟ್ ಕಡೆ 1977ರಲ್ಲಿ ಮಾರ್ಕ್ ಮೆಕ್‌ಡೊನಾಲ್ಡ್ ಬರೆದ ಫ್ಯಾಟ್ (ಫೈಲ್ ಅಲೊಕೇಶನ್ ಟೇಬಲ್, ಫೈಲಿನ ಮುಂದಿನ ತುಂಡು ಎಲ್ಲಿದೆ ಅನ್ನೋ ಪಟ್ಟಿ) ಇತ್ತು, ಆ ಟೇಬಲನ್ನ ಮೆಮೊರಿಲಿ ಇಟ್ಕೊಳ್ಳೋ ಪದ್ಧತಿನ ಟಿಮ್ ಪ್ಯಾಟರ್ಸನ್ ತಮ್ಮ 86-ಡಾಸಲ್ಲೂ (ಮುಂದೆ ಎಂಎಸ್-ಡಾಸ್ ಆಗಿದ್ದು ಇದೇ) ಇಟ್ಕೊಂಡ್ರು. 1981ರ ಐಬಿಎಂ ಪಿಸಿಯ 160 ಕೆಬಿ ಫ್ಲಾಪಿಗೆ ಇಡೀ ಫ್ಯಾಟ್ ಒಂದೇ ಸೆಕ್ಟರ್, 512 ಬೈಟ್, ಮೆಮೊರಿಲಿ ಇಡೋದು ಏನೂ ಭಾರ ಅಲ್ಲ. ತೊಂದರೆ ಜೋರಾಗಿದ್ದು ಬಹಳ ವರ್ಷ ಆದ್ಮೇಲೆ, 1993ರಲ್ಲಿ ಎಂಎಸ್-ಡಾಸ್ 6 ಜೊತೆ ಸ್ಮಾರ್ಟ್‌ಡ್ರೈವ್ ಕ್ಯಾಶ್ ಬರೆಯೋದನ್ನೂ ತಡ ಮಾಡೋ ಸೆಟ್ಟಿಂಗಲ್ಲೇ ಬಂದಾಗ. ಡಾಸ್ ಬಳಸೋರಿಗೆ ಶಟ್‌ಡೌನ್ ಅನ್ನೋ ಅಭ್ಯಾಸನೇ ಇರ್ಲಿಲ್ಲ, ಪ್ರಾಂಪ್ಟ್ ಬಂತು ಅಂದ್ರೆ ಕೆಲಸ ಮುಗೀತು, ಸ್ವಿಚ್ ಆಫ್. ಕ್ಯಾಶಲ್ಲಿ ಡೇಟಾ ಇನ್ನೂ ಕೂತಿರುವಾಗಲೇ ಪ್ರಾಂಪ್ಟ್ ಬರ್ತಿತ್ತು! ಬೈಗುಳ ಎಲ್ಲಾ ಬಿದ್ದಿದ್ದು ಅದೇ ವರ್ಶನಲ್ಲಿ ಬಂದ ಡಬಲ್‌ಸ್ಪೇಸ್ ಕಂಪ್ರೆಷನ್ ಮೇಲೆ, ಅದರಲ್ಲಿ ಒಂದಿಷ್ಟು ಪಾಲು ಈ ಕ್ಯಾಶಿಗೆ ಸೇರಬೇಕಿತ್ತು. 6.2ರಲ್ಲಿ ಕ್ಯಾಶ್ ಖಾಲಿ ಆದ್ಮೇಲೇ ಪ್ರಾಂಪ್ಟ್ ಬರೋ ಹಾಗೆ ಬದಲಾಯಿಸಿದ್ರು.

ಯುನಿಕ್ಸ್ ಕಡೆ 80ರ ದಶಕದಲ್ಲಿ ಟೇಬಲ್‌ಗಳ ಮೇಲೆ ಇನ್ನಷ್ಟು ಟೇಬಲ್ ಬಂತು. ಸನ್ ಕಂಪನಿಯವರು ನೆಟ್‌ವರ್ಕ್ ಫೈಲ್‌ಸಿಸ್ಟಮ್ ತರುವಾಗ, ಐನೋಡೇ ಇಲ್ಲದ ಫೈಲನ್ನೂ ಕರ್ನಲ್ ಹಿಡ್ಕೊಳ್ಳಬೇಕಲ್ಲ ಅಂತ ವಿನೋಡ್ ಮಾಡಿದ್ರು, ಬರ್ಕ್‌ಲಿಯ ಯುನಿಕ್ಸ್ ಆದ 4.3 ಬಿಎಸ್‌ಡಿಲಿ ಪಾತ್ ಹೆಸರುಗಳ ಕ್ಯಾಶ್ ಬಂತು, ಲಿನಕ್ಸಲ್ಲಿ ಅದೇ ಡಿಕ್ಯಾಶ್ ಆಯ್ತು. 2001ರ ಲಿನಕ್ಸ್ 2.4ರಲ್ಲಿ ಫೈಲ್ ಡೇಟಾಗೆ ಬಫರ್ ಕ್ಯಾಶ್, ಪೇಜ್ ಕ್ಯಾಶ್ ಅಂತ ಎರಡೆರಡು ಕಾಪಿ ಇಟ್ಕೊಳ್ಳೋ ದಂಡ ತಪ್ಪಿತು. ಇವೆಲ್ಲ ಮುಖ್ಯವಾಗಿ ಸ್ಪೀಡಿಗೆ ಅಥವಾ ಅನುಕೂಲಕ್ಕೆ ಮಾಡಿದ್ದು, ಯಾವಾಗ ಡಿಸ್ಕಿಗೆ ಬರೀಬೇಕು ಅನ್ನೋ ಜಗಳ ಹಾಗೇ ಉಳೀತು.

2008ರ ಕೊನೆಗೆ ಲಿನಕ್ಸಿನ ಹೊಸ ಫೈಲ್‌ಸಿಸ್ಟಮ್ ಇಎಕ್ಸ್‌ಟಿ4 ಸಿದ್ಧವಾಗಿ ಬಂದ್ಮೇಲೆ, 2009ರಲ್ಲಿ ಅದು ಮತ್ತೆ ಎದ್ದಿತು. ಅದಕ್ಕೂ ಹಿಂದಿನ ಇಎಕ್ಸ್‌ಟಿ3 ಮಾಮೂಲಾಗಿ 5 ಸೆಕೆಂಡಿಗೆ ಒಂದ್ಸಲ ಬದಲಾವಣೆಗಳನ್ನ ಡಿಸ್ಕಿಗೆ ಕಮಿಟ್ ಮಾಡ್ತಿತ್ತು, ಫೈಲಿನ ಡೇಟಾನೂ ಜೊತೆಗೇ ಹೋಗ್ತಿತ್ತು, ಅಪ್ಲಿಕೇಶನ್ ಬರೆಯೋರು ಅದನ್ನೇ ನಂಬ್ಕೊಂಡು ಎಫ್‌ಸಿಂಕ್ (ಈ ಫೈಲನ್ನ ಈಗಲೇ ಡಿಸ್ಕಿಗೆ ಬರಿ ಅಂತ ಕರ್ನಲ್ಲಿಗೆ ಹೇಳೋದು) ಕರೆಯೋದನ್ನೇ ಮರೆತಿದ್ರು. ಇಎಕ್ಸ್‌ಟಿ4 ಹೊಸ ಡೇಟಾಗೆ ಬ್ಲಾಕ್ ಹಂಚೋದನ್ನೇ ಮುಂದಕ್ಕೆ ಹಾಕ್ತು, ಅರ್ಧ ನಿಮಿಷಕ್ಕಿಂತ ಜಾಸ್ತಿನೂ ಆಗ್ಬೋದು. ಸೆಟ್ಟಿಂಗ್ಸ್ ಫೈಲನ್ನ ಹೊಸದಾಗಿ ಬರೆದು ಹಳೇದರ ಹೆಸರಿಗೆ ರಿನೇಮ್ ಮಾಡೋ ಪ್ರೋಗ್ರಾಂಗಳು ಕ್ರ್ಯಾಶ್ ಆದ್ಮೇಲೆ ನೋಡಿದ್ರೆ ರಿನೇಮ್ ಡಿಸ್ಕಿಗೆ ಹೋಗಿದೆ, ಡೇಟಾ ಹೋಗಿಲ್ಲ, ಹಳೇ ಫೈಲೂ ಇಲ್ಲ ಹೊಸದೂ ಇಲ್ಲ, ಸೊನ್ನೆ ಬೈಟ್. ಸ್ಟ್ಯಾಂಡರ್ಡ್ ಪ್ರಕಾರ ಎಫ್‌ಸಿಂಕ್ ಕರೀಬೇಕಿದ್ದಿದ್ದು ನೀವು ಅಂತ ಇಎಕ್ಸ್‌ಟಿ4 ನೋಡ್ಕೊಳ್ತಿದ್ದ ಟೆಡ್ ಸೋ ವಾದಿಸಿದ್ರು, ತಾಂತ್ರಿಕವಾಗಿ ಅವರದ್ದು ಸರಿನೇ, ಆದ್ರೂ ಕೊನೆಗೆ ಲಿನಕ್ಸ್ 2.6.30ರಲ್ಲಿ ರಿನೇಮ್ ಥರದ ಸಂದರ್ಭಕ್ಕೆ ಡೇಟಾನ ಬೇಗ ಕಳಿಸೋ ಪ್ಯಾಚ್ ಅವರೇ ಹಾಕಿದ್ರು.

ಸರಿ, ಎಫ್‌ಸಿಂಕ್ ಕರೆದ್ರೆ ಸೇಫಾ? ಅದನ್ನ ತಪ್ಪದೇ ಕರೆಯೋ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರಿಗೆ 2018ರಲ್ಲಿ ಗೊತ್ತಾಗಿದ್ದೇ ಬೇರೆ. ಡಿಸ್ಕಿಗೆ ಬರೆಯೋದು ಫೇಲಾದ್ರೆ ಎಫ್‌ಸಿಂಕ್ ಎರರ್ ಕೊಡತ್ತೆ, ಆದ್ರೆ ಲಿನಕ್ಸ್ ಆ ಪೇಜುಗಳ ಕೊಳೆ ಗುರುತನ್ನ ಅಷ್ಟರಲ್ಲೇ ಅಳಿಸಿಬಿಟ್ಟಿರತ್ತೆ. ಇನ್ನೊಂದ್ಸಲ ಟ್ರೈ ಮಾಡೋಣ ಅಂತ ಪೋಸ್ಟ್‌ಗ್ರೆಸ್ ಮತ್ತೆ ಎಫ್‌ಸಿಂಕ್ ಕರೆದ್ರೆ ಬರೆಯೋಕೆ ಏನೂ ಬಾಕಿ ಇಲ್ಲ ಅಂತ ಸಕ್ಸೆಸ್ ಬರತ್ತೆ, ಡಿಸ್ಕಲ್ಲಿ ನೋಡಿದ್ರೆ ಹಳೇ ಡೇಟಾನೇ. ಪೆನ್‌ಡ್ರೈವ್ ಕಿತ್ಕೊಂಡು ಹೋದ್ರೆ ಕೊಳೆ ಪೇಜ್‌ಗಳನ್ನ ಎಲ್ಲಿವರೆಗೆ ಮೆಮೊರಿಲಿ ಇಟ್ಕೊಂಡು ಕೂರೋದು ಅಂತ ಕರ್ನಲ್‌ನವರ ವಾದ, ಅದೂ ತೆಗೆದುಹಾಕೋ ಮಾತಲ್ಲ. 2019ರ ಫೆಬ್ರವರಿಯ ರಿಲೀಸ್‌ಗಳಲ್ಲಿ ಪೋಸ್ಟ್‌ಗ್ರೆಸ್ ದಾರಿ ಬದಲಾಯಿಸ್ತು: ಎಫ್‌ಸಿಂಕ್ ಒಂದ್ಸಲ ಫೇಲಾದ್ರೆ ಮತ್ತೆ ಕೇಳೋದಿಲ್ಲ, ಡೇಟಾಬೇಸ್ ತಾನಾಗೇ ಪ್ಯಾನಿಕ್ ಆಗಿ ಬೀಳತ್ತೆ, ಮೇಲೆ ಎದ್ದು ತನ್ನ ಲಾಗ್ ಓದ್ಕೊಂಡು ಆ ಬದಲಾವಣೆಗಳನ್ನೆಲ್ಲ ಮತ್ತೊಮ್ಮೆ ಬರೆಯತ್ತೆ.